ಇಂಟರ್‌ವ್ಯೂ ಆಗಿದೆ, ಉತ್ತರ ಬಂದಿಲ್ಲ: ಮೆಡಿಕಲ್ ಸೀಟಿಗೆ ಕಾಯುವಾಗ ನೀವೆಲ್ಲ ಏನು ಮಾಡಿದಿರಿ?

ಕೇಳಿದವರು: ನ್ಯೂಜೆರ್ಸಿಯಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ಮಗಳು ಕಳೆದ ವರ್ಷ ಕಾಲೇಜು ಮುಗಿಸಿ, ಈ ಸಲ ಅಮೆರಿಕದ ಎಂ.ಡಿ. ಸ್ಕೂಲ್‌ಗಳಿಗೆ (ಇಲ್ಲಿ ಡಾಕ್ಟರಾಗುವ ಮೊದಲ ಪದವಿಯೇ ಎಂ.ಡಿ.) ಅರ್ಜಿ ಹಾಕಿದ್ದಾಳೆ. ಎರಡು ಕಡೆ ಇಂಟರ್‌ವ್ಯೂ ಆಗಿದೆ. ಒಂದು ಸೆಪ್ಟೆಂಬರ್‌ನಲ್ಲಿ, ಇನ್ನೊಂದು ನವೆಂಬರ್ ಕೊನೆಗೆ. ಮೊದಲನೆಯವರು ‘ನಿಮ್ಮ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ’ ಅಂತ ಒಂದು ಸಾಲಿನ ಮೇಲ್ ಕಳಿಸಿದ್ದಾರೆ. ಎರಡನೆಯವರದ್ದು ಸದ್ದೇ ಇಲ್ಲ. ಜನವರಿ ಮುಗಿಯುತ್ತಾ ಬಂತು. ಊಟಕ್ಕೆ ಕೂತರೂ ಫೋನು ತಟ್ಟೆ ಪಕ್ಕದಲ್ಲೇ ಇರುತ್ತದೆ. ನಾವು ಏನಾದರೂ ಕೇಳಿದರೆ ಎದ್ದು ಹೋಗುತ್ತಾಳೆ. ಶಿವಮೊಗ್ಗದಿಂದ ಪ್ರತಿ ಭಾನುವಾರ ಫೋನು, ‘ಸೀಟು ಆಯ್ತಾ?’ ಅಂತ.

ನಾನು, ನಮ್ಮ ಯಜಮಾನರು ಇಬ್ಬರೂ ಸಿಇಟಿ ಶುರುವಾದ ಕಾಲದವರು. ರ‍್ಯಾಂಕ್ ಬಂದರೆ ಎಲ್ಲಿ ಸಿಗಬಹುದು ಅಂತ ಒಂದು ಅಂದಾಜು ಸಿಗುತ್ತಿತ್ತು. ಇಲ್ಲಿ ಏನೂ ತಿಳಿಯುವುದಿಲ್ಲ. ಈ ಮೌನ ಅಂದರೆ ಇಲ್ಲ ಅಂತಲೇ ಅರ್ಥವಾ? ಸ್ಕೂಲಿಗೆ ಬರೆದು ಕೇಳಬಹುದಾ? ಈ ದಾರಿ ನಡೆದವರು ದಯವಿಟ್ಟು ಹೇಳಿ.

ಮಿಷಿಗನ್‌ನಿಂದ ಒಬ್ಬ ತಂದೆ

ಮೇಡಂ, ಮೌನ ಅಂದರೆ ಇಲ್ಲ ಅಂತ ಅಲ್ಲ. ಇಲ್ಲ ಅನ್ನುವುದಿದ್ದರೆ ಅವರು ಹೇಳಿಯೇ ಹೇಳುತ್ತಾರೆ. ನನ್ನ ಮಗಳು ಈಗ ಮೂರನೇ ವರ್ಷದಲ್ಲಿದ್ದಾಳೆ. ಅವಳಿಗೆ ಸೀಟು ಕೊಟ್ಟ ಸ್ಕೂಲೇ ಎಲ್ಲರಿಗಿಂತ ಜಾಸ್ತಿ ದಿನ ಸುಮ್ಮನಿತ್ತು.

ಇಲ್ಲಿ ಹೆಚ್ಚಿನ ಸ್ಕೂಲ್‌ಗಳು ಸೀಟುಗಳನ್ನು ಒಂದೇ ಸಲ ಹಂಚುವುದಿಲ್ಲ. ಆಗಸ್ಟ್ ಸೆಪ್ಟೆಂಬರ್‌ಗೆ ಇಂಟರ್‌ವ್ಯೂ ಶುರುವಾಗಿ ಫೆಬ್ರವರಿ ಮಾರ್ಚ್ ತನಕ ನಡೆಯುತ್ತಲೇ ಇರುತ್ತದೆ. ಇಂಟರ್‌ವ್ಯೂ ಮಾಡಿದವರು ತಮ್ಮ ಅಭಿಪ್ರಾಯ ಬರೆದು ಕೊಡುತ್ತಾರೆ. ಆಮೇಲೆ ಫೈಲು ಕಮಿಟಿ ಮುಂದೆ ಹೋಗುತ್ತದೆ. ಕಮಿಟಿ ಸೀಟು ಕೊಡಬಹುದು, ಇಲ್ಲ ಅನ್ನಬಹುದು, ವೇಟ್‌ಲಿಸ್ಟ್‌ಗೆ ಹಾಕಬಹುದು. ಇಲ್ಲದಿದ್ದರೆ, ಇನ್ನೂ ಇಂಟರ್‌ವ್ಯೂ ಬಾಕಿ ಇರುವವರನ್ನು ನೋಡಿಕೊಂಡು ತೀರ್ಮಾನಿಸೋಣ ಅಂತ ಪಕ್ಕಕ್ಕೆ ಇಡಬಹುದು. ನಿಮ್ಮ ಮಗಳಿಗೆ ಮೊದಲನೇ ಸ್ಕೂಲಿನಿಂದ ಬಂದಿರುವ ಮೇಲ್ ಈ ಕೊನೆಯ ಬಗೆಯದು. ಅವಳ ಫೈಲು ಇನ್ನೂ ಮೇಜಿನ ಮೇಲಿದೆ ಅಂತ ತಿಳಿಯಿರಿ.

ದಿನಾಂಕಗಳು ಗೊತ್ತಿದ್ದರೆ ಮನಸ್ಸಿಗೆ ಸ್ವಲ್ಪ ಸಮಾಧಾನ. ಎಂ.ಡಿ. ಸ್ಕೂಲ್‌ಗಳು ಸೀಟು ಕೊಡಲು ಶುರು ಮಾಡುವುದು ಅಕ್ಟೋಬರ್ 15ರಿಂದ. ಮಾರ್ಚ್ 15ರ ಒಳಗೆ, ತಮ್ಮ ಮೊದಲ ವರ್ಷದ ತರಗತಿ ತುಂಬುವಷ್ಟಾದರೂ ಆಫರ್ ಕೊಟ್ಟು ಮುಗಿಸಬೇಕು ಅಂತ ಎಎಎಂಸಿ (ಇಲ್ಲಿನ ಮೆಡಿಕಲ್ ಕಾಲೇಜುಗಳ ಸಂಘ) ಮಾರ್ಗಸೂಚಿ ಹೇಳುತ್ತದೆ. ಅಂದರೆ ಜನವರಿ ಕೊನೆಯಲ್ಲಿ ಇನ್ನೂ ಒಂದೂವರೆ ತಿಂಗಳು ಬಾಕಿ ಇದೆ. ಹಾರ್ವರ್ಡ್‌ನಂಥ ಕೆಲವು ಸ್ಕೂಲ್‌ಗಳಂತೂ ಯಾರಿಗೂ ಮುಂಚೆ ಹೇಳದೆ ಮಾರ್ಚ್‌ನಲ್ಲಿ ಎಲ್ಲರಿಗೂ ಒಟ್ಟಿಗೇ ಹೇಳುತ್ತವೆ. ನಿಮ್ಮ ಎರಡನೇ ಸ್ಕೂಲಿನ ಪದ್ಧತಿ ಯಾವುದು ಅಂತ ಅವರ ವೆಬ್‌ಸೈಟಿನಲ್ಲೇ ಇರುತ್ತದೆ. ಅದನ್ನು ಮೊದಲು ನೋಡಿ. ಎಷ್ಟೋ ಮನೆಗಳಲ್ಲಿ ಇದನ್ನು ನೋಡದೆಯೇ ಕಂಗಾಲಾಗುತ್ತಾರೆ.

ಇನ್ನೊಂದು ಮಾತು. ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಮಂದಿ ಎಂ.ಡಿ. ಸ್ಕೂಲ್‌ಗಳಿಗೆ ಅರ್ಜಿ ಹಾಕುತ್ತಾರೆ, ಸೇರುವವರು 23 ಸಾವಿರದಷ್ಟು. ಇಂಟರ್‌ವ್ಯೂ ಕರೆಯೇ ಬರದೆ ವರ್ಷ ಮುಗಿಸುವವರು ತುಂಬ ಜನ. ನಿಮ್ಮ ಮಗಳನ್ನು ಎರಡು ಸ್ಕೂಲ್‌ಗಳು ಕರೆದು ಮಾತಾಡಿಸಿವೆ. ಅದನ್ನು ಅವಳಿಗೆ ಒಂದು ಸಲ ಬಾಯಿ ಬಿಟ್ಟು ಹೇಳಿ. ನಾವು ಕನ್ನಡದ ಅಪ್ಪ ಅಮ್ಮಂದಿರು ಮನಸ್ಸಿನಲ್ಲೇ ಹೆಮ್ಮೆಪಡುತ್ತೇವೆ, ಮಕ್ಕಳಿಗೆ ಅದು ಕೇಳಿಸುವುದೇ ಇಲ್ಲ.

ಓಹಾಯೋದಿಂದ, ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ ಮಾಡುತ್ತಿರುವವನು

ಆಂಟಿ, ನಾನು ಆ ಕುರ್ಚಿಯಲ್ಲಿ ಕೂತಿದ್ದವನು. ಹಾಗಾಗಿ ಮಕ್ಕಳ ಕಡೆಯಿಂದ ಹೇಳುತ್ತೇನೆ.

ಪ್ರತಿ ಸ್ಕೂಲಿಗೂ ಒಂದು ಪೋರ್ಟಲ್ ಇರುತ್ತದೆ. ಲಾಗಿನ್ ಆದರೆ ನಿಮ್ಮ ಹೆಸರು, ಕೆಳಗೆ ಹಸಿರು ಟಿಕ್ ಗುರುತುಗಳು: ಅರ್ಜಿ ಬಂದಿದೆ, ಶಿಫಾರಸು ಪತ್ರಗಳು ಬಂದಿವೆ, ಇಂಟರ್‌ವ್ಯೂ ಮುಗಿದಿದೆ. ಕೊನೆಯ ಸಾಲಿನಲ್ಲಿ ‘ತೀರ್ಮಾನ’ ಅಂತ ಇದ್ದು ಮುಂದೆ ಖಾಲಿ. ಆ ಖಾಲಿ ಜಾಗವನ್ನು ಬೆಳಗ್ಗೆ ಎದ್ದ ತಕ್ಷಣ ನೋಡುತ್ತೇವೆ, ಲ್ಯಾಬ್‌ನಲ್ಲಿ ನೋಡುತ್ತೇವೆ, ಮಲಗುವ ಮುಂಚೆ ನೋಡುತ್ತೇವೆ. ಇದರ ಮೇಲೆ ಅಮ್ಮನೂ ‘ಏನಾದ್ರೂ ಬಂತಾ?’ ಅಂದರೆ, ಬಂದಿಲ್ಲ ಅಂತ ಇನ್ನೊಂದು ಸಲ ಹೇಳಬೇಕಾಗುತ್ತದೆ. ಎದ್ದು ಹೋಗುವುದು ಕೋಪದಿಂದಲ್ಲ ಆಂಟಿ. ನಮ್ಮ ಅಮ್ಮ ಒಂದು ಒಪ್ಪಂದ ಮಾಡಿಕೊಂಡರು: ಸುದ್ದಿ ಬಂದರೆ ಒಳ್ಳೆಯದಿರಲಿ ಕೆಟ್ಟದಿರಲಿ ಅದೇ ದಿನ ಹೇಳುತ್ತೀಯ, ಅಲ್ಲಿಯವರೆಗೆ ನಾನು ಕೇಳುವುದಿಲ್ಲ. ಆಮೇಲೆ ಮನೆಯಲ್ಲಿ ಬೇರೆ ಮಾತು ಶುರುವಾಯಿತು. ನನಗೆ ಅದರಷ್ಟು ನೆರವಾಗಿದ್ದು ಬೇರೆ ಯಾವುದೂ ಇಲ್ಲ.

ಈಗ ಸ್ಕೂಲಿಗೆ ಬರೆಯುವ ವಿಷಯ. ನೀವು ಅಥವಾ ಅಂಕಲ್ ಫೋನ್ ಮಾಡಲೇಬೇಡಿ. ಬರೆಯುವುದಿದ್ದರೆ ಅವಳೇ ಬರೆಯಬೇಕು. ‘ನನ್ನ ಅರ್ಜಿ ಏನಾಯಿತು’ ಅಂತ ಕೇಳುವ ಮೇಲ್‌ನಿಂದ ಏನೂ ಉಪಯೋಗವಿಲ್ಲ. ಉಪಯೋಗಕ್ಕೆ ಬರುವುದು ಅಪ್‌ಡೇಟ್ ಲೆಟರ್. ಇಂಟರ್‌ವ್ಯೂ ಆದ ಮೇಲೆ ಹೊಸದಾಗಿ ಏನು ಮಾಡಿದ್ದಾಳೆ ಅನ್ನುವುದು ಅದರಲ್ಲಿರಬೇಕು. ಒಂದು ಪುಟ ಸಾಕು. ‘ನಿಮ್ಮ ಸ್ಕೂಲ್ ಅಂದರೆ ನನಗೆ ತುಂಬಾ ಇಷ್ಟ’ ಅನ್ನುವುದನ್ನು ಎಲ್ಲರೂ ಬರೆಯುತ್ತಾರೆ. ‘ನವೆಂಬರ್‌ನಿಂದ ವಾರಕ್ಕೆ ಎರಡು ಸಂಜೆ ಉಚಿತ ಕ್ಲಿನಿಕ್‌ನಲ್ಲಿ ಬಿಪಿ ನೋಡುತ್ತಿದ್ದೇನೆ, ಮಾತ್ರೆ ನಿಲ್ಲಿಸಿದವರು ಯಾಕೆ ನಿಲ್ಲಿಸಿದರು ಅಂತ ಕೇಳಿ ಡಾಕ್ಟರಿಗೆ ಬರೆದುಕೊಡುತ್ತೇನೆ, ನಿಮ್ಮಲ್ಲಿ ವಿದ್ಯಾರ್ಥಿಗಳೇ ನಡೆಸುವ ಕ್ಲಿನಿಕ್‌ನಲ್ಲಿ ಇದನ್ನು ಮುಂದುವರಿಸುವ ಆಸೆ’ ಅಂತ ಬರೆದರೆ ಓದುವವರಿಗೆ ಒಬ್ಬ ಮನುಷ್ಯಳು ಕಾಣುತ್ತಾಳೆ.

ಒಂದು ಎಚ್ಚರ. ಕೆಲವು ಸ್ಕೂಲ್‌ಗಳು ‘ಇಂಟರ್‌ವ್ಯೂ ಆದಮೇಲೆ ಏನನ್ನೂ ಕಳಿಸಬೇಡಿ’ ಅಂತ ಸ್ಪಷ್ಟವಾಗಿ ಹೇಳಿರುತ್ತವೆ. ಅಂಥಲ್ಲಿಗೆ ಕಳಿಸಬಾರದು. ಹೇಳಿದ್ದನ್ನು ಕೇಳದವರು ಅನ್ನಿಸಿಕೊಳ್ಳುತ್ತೇವೆ.

ಲೆಟರ್ ಆಫ್ ಇಂಟೆಂಟ್ ಅಂತ ಇನ್ನೊಂದಿದೆ. ‘ಸೀಟು ಕೊಟ್ಟರೆ ಖಂಡಿತ ನಿಮ್ಮಲ್ಲೇ ಸೇರುತ್ತೇನೆ’ ಅಂತ ಬರೆದುಕೊಡುವುದು. ಕಾನೂನಿನ ಕಟ್ಟು ಏನಿಲ್ಲ. ಆದರೆ ಅದು ಕೊಟ್ಟ ಮಾತು. ಒಂದೇ ಸ್ಕೂಲಿಗೆ ಬರೆಯಬೇಕು. ಇಬ್ಬರಿಗೂ ಬರೆದರೆ ಇಬ್ಬರಿಗೂ ಸುಳ್ಳು ಹೇಳಿದ ಹಾಗೆ. ಡಾಕ್ಟರಾಗಲು ಹೊರಟವರು ಅಲ್ಲಿಂದ ಶುರು ಮಾಡಬಾರದು ಅಂತ ನನ್ನ ಗಟ್ಟಿ ನಂಬಿಕೆ.

ಇನ್ನು, ಆನ್‌ಲೈನ್‌ನಲ್ಲಿ ‘ನನಗೆ ಇವತ್ತು ಫೋನ್ ಬಂತು’ ಅಂತ ಬರೆಯುವವರ ಪೋಸ್ಟ್‌ಗಳನ್ನು ಓದುವುದು ನಿಲ್ಲಿಸಲಿ. ಸಿಕ್ಕವರು ಬರೆಯುತ್ತಾರೆ, ಕಾಯುತ್ತಿರುವವರು ಬರೆಯುವುದಿಲ್ಲ. ಓದುತ್ತಾ ಹೋದರೆ ಉಳಿದಿರುವುದು ತಾನೊಬ್ಬಳೇ ಅನ್ನಿಸಿಬಿಡುತ್ತದೆ.

ಡಲ್ಲಾಸ್‌ನಿಂದ

ಟೆಕ್ಸಾಸ್‌ನಲ್ಲಿ ಓದುವ ಆಸೆ ಇರುವವರಿಗೆ ಮಾತ್ರ ಇದು. ಇಲ್ಲಿನ ಸರ್ಕಾರಿ ಮೆಡಿಕಲ್ ಸ್ಕೂಲ್‌ಗಳಲ್ಲಿ 90 ಪರ್ಸೆಂಟ್ ಸೀಟು ಈ ರಾಜ್ಯದವರಿಗೇ. ಅರ್ಜಿಯ ವ್ಯವಸ್ಥೆಯೂ ಬೇರೆ, ಟಿಎಂಡಿಎಸ್‌ಎಎಸ್ ಅಂತ. ಹಾಗಾಗಿ ಟೆಕ್ಸಾಸ್ ಗೆಳತಿಗೆ ಯಾವಾಗ ಉತ್ತರ ಬಂತು ಅಂತ ನೋಡಿ ನಿಮ್ಮ ಮಗಳ ಲೆಕ್ಕ ಹಾಕಬೇಡಿ.

ಮೈಸೂರಿನಿಂದ ಒಬ್ಬ ಅಜ್ಜಿ

ನೋಡಮ್ಮ, ಊರಿನವರ ಫೋನಿನ ವಿಷಯ ಬರೆದಿದ್ದೀಯ, ಅದಕ್ಕೆ ಹೇಳುತ್ತೇನೆ. ನನ್ನ ಮೊಮ್ಮಗ ಶಿಕಾಗೋದಲ್ಲಿ ಹೀಗೇ ಕಾದ. ನಾವು ಕೇಳುವುದು ಪ್ರೀತಿಯಿಂದಲೇ. ಆದರೆ ನಮ್ಮ ತಲೆಯಲ್ಲಿ ಇರುವುದು ಇಲ್ಲಿಯ ರೀತಿ. ನೀಟ್ ಬರೆದರು, ರ‍್ಯಾಂಕ್ ಬಂತು, ಕೆಇಎ ಕೌನ್ಸೆಲಿಂಗ್ ಆಯಿತು, ಸೀಟು ಉಂಟು ಇಲ್ಲ ಅಂತ ಗೊತ್ತಾಯಿತು. ಇಂಟರ್‌ವ್ಯೂ ಆದಮೇಲೂ ಆರು ತಿಂಗಳು ಕಾಯಿಸುತ್ತಾರೆ ಅಂದರೆ ‘ಹುಡುಗ ಏನೋ ಸರಿಯಾಗಿ ಮಾಡಿಲ್ಲ’ ಅಂತ ನಮಗೆ ಅನ್ನಿಸಿಬಿಡುತ್ತದೆ. ನನ್ನ ಸೊಸೆ ಒಂದು ದಿನ ಕೂತು ಬಿಡಿಸಿ ಹೇಳಿದಳು. ‘ಅತ್ತೆ, ಏಪ್ರಿಲ್ ಕೊನೆಯವರೆಗೆ ಯಾರೂ ಕೇಳಬೇಡಿ. ಆದರೆ ಮೊದಲ ಫೋನು ನಿಮಗೇ’ ಅಂದಳು. ಮಿಕ್ಕವರಿಗೆಲ್ಲ ನಾನೇ ಉತ್ತರ ಕೊಟ್ಟೆ. ನಿಮ್ಮ ಕಡೆಯೂ ಒಬ್ಬರು ಹಿರಿಯರಿಗೆ ಈ ಜವಾಬ್ದಾರಿ ಕೊಡು. ಮಗುವಿನ ಕಿವಿಗೆ ಬೀಳುವುದು ಬೇಡ.

ಬ್ರಿಟನ್‌ನ ರೆಡಿಂಗ್‌ನಿಂದ

ಇಲ್ಲಿಯ ಕಥೆಯನ್ನೂ ಹೇಳುತ್ತೇನೆ, ಈ ಕಡೆ ಕಾಯುತ್ತಿರುವವರಿಗೆ ಬೇಕಾಗಬಹುದು. ಇಲ್ಲಿ ಪಿಯುಸಿ ವಯಸ್ಸಿಗೇ ಮೆಡಿಸಿನ್. ಯುಕ್ಯಾಸ್ ಅನ್ನುವ ಇಲ್ಲಿನ ಅರ್ಜಿ ವ್ಯವಸ್ಥೆಯಲ್ಲಿ ಅಕ್ಟೋಬರ್ 15ರೊಳಗೆ ಅರ್ಜಿ, ಮೆಡಿಸಿನ್‌ಗೆ ನಾಲ್ಕೇ ಆಯ್ಕೆ. ಐದನೆಯದನ್ನು ಬೇರೆ ಕೋರ್ಸ್‌ಗೆ ಬಳಸಬಹುದು, ದಯವಿಟ್ಟು ಖಾಲಿ ಬಿಡಬೇಡಿ. ಇಂಟರ್‌ವ್ಯೂ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಆಕ್ಸ್‌ಫರ್ಡ್, ಕೇಂಬ್ರಿಜ್ ಜನವರಿಯಲ್ಲಿ ಹೇಳಿಬಿಡುತ್ತವೆ, ಮಿಕ್ಕವು ನಿಧಾನ. ಆಫರ್ ಬಂದರೂ ಅದಕ್ಕೆ ಎ-ಲೆವೆಲ್ (ನಮ್ಮ ಪಿಯುಸಿಯಂಥ ಪರೀಕ್ಷೆ) ಗ್ರೇಡಿನ ಷರತ್ತು ಇರುತ್ತದೆ, ರಿಸಲ್ಟ್ ಬರುವುದು ಆಗಸ್ಟ್‌ನಲ್ಲಿ. ಇಂಟರ್‌ವ್ಯೂ ಚಿಂತೆಯಲ್ಲಿ ಮಗ ಕೆಮಿಸ್ಟ್ರಿ ಪುಸ್ತಕ ಮುಟ್ಟದೆ ಕೂರುತ್ತಿದ್ದ. ‘ಉತ್ತರ ನಿನ್ನ ಕೈಯಲ್ಲಿಲ್ಲ, ಈ ಗ್ರೇಡು ನಿನ್ನ ಕೈಯಲ್ಲಿದೆ’ ಅಂತ ಅವರ ಟೀಚರ್ ಹೇಳಿದ ಮೇಲೆ ಓದಲು ಕೂತ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಒಬ್ಬ ತಾಯಿ

ಅಕ್ಕ, ನಮ್ಮದು ವೇಟ್‌ಲಿಸ್ಟ್ ಕಥೆ. ಮಾರ್ಚ್‌ನಲ್ಲಿ ನಿಮಗೂ ಅಂಥ ಪತ್ರ ಬಂದರೆ ಕೈ ಬಿಡಬೇಡಿ ಅಂತ ಬರೆಯುತ್ತಿದ್ದೇನೆ.

ಒಬ್ಬೊಬ್ಬರ ಕೈಯಲ್ಲಿ ನಾಲ್ಕೈದು ಸ್ಕೂಲಿನ ಆಫರ್ ಇರುತ್ತದೆ. ಏಪ್ರಿಲ್ 15ಕ್ಕೆ ಅದನ್ನು ಮೂರಕ್ಕೆ ಇಳಿಸಿಕೊಳ್ಳಬೇಕು, ಏಪ್ರಿಲ್ 30ಕ್ಕೆ ಒಂದನ್ನು ಆರಿಸಬೇಕು. ಅವರು ಬಿಟ್ಟ ಸೀಟು ವೇಟ್‌ಲಿಸ್ಟ್‌ನವರಿಗೆ ಬರುತ್ತದೆ. ಒಂದು ಸ್ಕೂಲು ಒಬ್ಬರನ್ನು ಕರೆದರೆ, ಅವರು ಹಿಡಿದಿದ್ದ ಇನ್ನೊಂದು ಸೀಟು ಖಾಲಿಯಾಗುತ್ತದೆ, ಅಲ್ಲಿಗೆ ಮತ್ತೊಬ್ಬರು. ಬಸ್ಸಿನಲ್ಲಿ ಒಬ್ಬರು ಇಳಿದರೆ ನಿಂತವರೆಲ್ಲ ಒಂದೊಂದು ಹೆಜ್ಜೆ ಮುಂದೆ ಬರುತ್ತಾರಲ್ಲ, ಹಾಗೆ. ಮೇ, ಜೂನ್ ಪೂರ್ತಿ ಇದೇ ನಡೆಯುತ್ತದೆ. ಕ್ಲಾಸ್ ಶುರುವಾಗುವ ವಾರದಲ್ಲಿ ಕರೆ ಬಂದವರೂ ಇದ್ದಾರೆ.

ಮಗನಿಗೆ ಕರೆ ಬಂದಿದ್ದು ಜೂನ್‌ನಲ್ಲಿ, ಗೊತ್ತಿಲ್ಲದ ನಂಬರ್‌ನಿಂದ. ನಾವು ಸ್ಪ್ಯಾಮ್ ಅಂತ ಎತ್ತದೇ ಇರುವಂಥ ನಂಬರು. ಅವನು ಅಂಗಡಿಯಲ್ಲಿ ಹಾಲು ತರುತ್ತಿದ್ದವನು ಅಲ್ಲೇ ನಿಂತು ಮಾತಾಡಿದ. ಉತ್ತರ ಹೇಳಲು ತುಂಬ ಕಡಿಮೆ ಸಮಯ ಕೊಟ್ಟಿದ್ದರು. ಅದಕ್ಕೇ ಮೊದಲೇ ಕೂತು ಮಾತಾಡಿಕೊಳ್ಳಿ: ಆ ಊರು ಆಗಬಹುದಾ, ಸಾಲ ಎಷ್ಟಾಗುತ್ತದೆ, ಫಾಫ್ಸಾ (ಸರ್ಕಾರಿ ವಿದ್ಯಾರ್ಥಿ ಸಾಲ, ನೆರವಿನ ಅರ್ಜಿ) ತುಂಬಿದ್ದೀರಾ, ಟ್ರಾನ್ಸ್‌ಕ್ರಿಪ್ಟ್ ತರಿಸಿದ್ದೀರಾ. ವಾಯ್ಸ್‌ಮೇಲ್ ತುಂಬಿಹೋಗಿರಬಾರದು. ಮೇಲ್‌ನ ಸ್ಪ್ಯಾಮ್ ಫೋಲ್ಡರನ್ನೂ ನೋಡುತ್ತಿರಬೇಕು.

ಇನ್ನೊಂದು ಮುಖ್ಯ. ಒಂದು ಕಡೆ ಸೀಟು ಸಿಕ್ಕಿ, ಇಷ್ಟದ ಕಡೆ ವೇಟ್‌ಲಿಸ್ಟ್ ಇದ್ದರೆ, ಎಎಎಂಸಿ ಪುಟದಲ್ಲಿ ‘ಪ್ಲ್ಯಾನ್ ಟು ಎನ್‌ರೋಲ್’ ಒತ್ತಿದರೂ ವೇಟ್‌ಲಿಸ್ಟ್ ಉಳಿಯುತ್ತದೆ. ‘ಕಮಿಟ್ ಟು ಎನ್‌ರೋಲ್’ ಅಂದರೆ ಮಿಕ್ಕ ಎಲ್ಲ ಕಡೆಯಿಂದ ಹಿಂದೆ ಸರಿಯಬೇಕು. ಎರಡೂ ಬಟನ್ ಅಕ್ಕಪಕ್ಕ ಓದಿದರೆ ಒಂದೇ ಥರ ಕಾಣುತ್ತದೆ. ನಿಧಾನವಾಗಿ ಓದಿ ಒತ್ತಲಿ.

ಸಿಯಾಟಲ್‌ನಿಂದ

ವೀಸಾ ಮಾತು ಯಾರೂ ಎತ್ತಿಲ್ಲ. ಎಚ್-4ನಲ್ಲಿ, ಅಂದರೆ ಅಪ್ಪ ಅಮ್ಮನ ಕೆಲಸದ ವೀಸಾದ ಅವಲಂಬಿತರಾಗಿ ಬೆಳೆದ ಮಕ್ಕಳು 21 ತುಂಬಿದ ಮೇಲೆ ಅದರಲ್ಲಿ ಇರುವಂತಿಲ್ಲ. ತುಂಬಾ ಮೆಡಿಕಲ್ ಸ್ಕೂಲ್‌ಗಳು, ಅದರಲ್ಲೂ ಸರ್ಕಾರಿಯವು, ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇದ್ದವರನ್ನೇ ತಗೊಳ್ಳುತ್ತವೆ. ಈ ಸ್ಥಿತಿಯಲ್ಲಿ ಇರುವವರು ಕಾಯುವ ತಿಂಗಳುಗಳಲ್ಲೇ ವಕೀಲರ ಹತ್ತಿರ ಮಾತಾಡಿ. ನಮ್ಮ ಮಕ್ಕಳು ಇಲ್ಲೇ ಬೆಳೆದು, ಇಲ್ಲೇ ಓದಿ, ಈ ಒಂದು ಕಾಗದಕ್ಕಾಗಿ ನಿಲ್ಲಬೇಕಾಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ವರ್ಜೀನಿಯಾದಿಂದ ಒಬ್ಬ ತಂದೆ

ಸಿಗದೇ ಹೋದವರ ಕಡೆಯಿಂದಲೂ ಒಬ್ಬರು ಬರೆಯಬೇಕು ಅಲ್ವಾ. ಮಗಳಿಗೆ ಮೊದಲ ವರ್ಷ ಮೂರು ಇಂಟರ್‌ವ್ಯೂ ಆಯಿತು, ಎಲ್ಲೂ ಸೀಟಾಗಲಿಲ್ಲ. ಮರುವರ್ಷ ಆಯಿತು. ಆ ಮರುವರ್ಷದ ತಯಾರಿ ನಡೆದಿದ್ದು ಕಾಯುವ ತಿಂಗಳುಗಳಲ್ಲೇ. ಮುಂದಿನ ಸಾಲಿನ ಅರ್ಜಿ ಮೇ ತಿಂಗಳಲ್ಲೇ ತೆರೆಯುತ್ತದೆ, ಜೂನ್ ಮೊದಲಿಗೇ ಕಳಿಸಿದರೆ ಅನುಕೂಲ. ಜೂನ್‌ವರೆಗೆ ಉತ್ತರಕ್ಕೆ ಕಾದು ಆಮೇಲೆ ಎದ್ದರೆ ತಡ. ಅವಳು ಫೆಬ್ರವರಿಯಿಂದ ಎಮರ್ಜೆನ್ಸಿಯಲ್ಲಿ ಸ್ಕ್ರೈಬ್ ಆಗಿ ಸೇರಿದಳು, ಡಾಕ್ಟರ ಪಕ್ಕ ನಿಂತು ಟೈಪ್ ಮಾಡುವ ಕೆಲಸ. ಎಮ್‌ಕ್ಯಾಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) ಸ್ಕೋರು ಇನ್ನೂ ನಡೆಯುತ್ತದಾ ಅಂತ ಸ್ಕೂಲ್‌ವಾರು ನೋಡಿದಳು. ಎರಡನೇ ಸಲ ಡಿ.ಒ. (ಆಸ್ಟಿಯೋಪಥಿಕ್ ಮೆಡಿಸಿನ್) ಪದವಿ ಕೊಡುವ ಸ್ಕೂಲ್‌ಗಳಿಗೂ ಹಾಕಿದಳು. ಅಲ್ಲಿ ಓದಿದವರೂ ಪೂರ್ತಿ ಡಾಕ್ಟರುಗಳೇ, ನಮ್ಮ ಜನ ಅದನ್ನು ಕಡಿಮೆ ಅಂತ ನೋಡುವುದು ತಪ್ಪು. ಬೇಡ ಅಂದ ಸ್ಕೂಲ್‌ಗಳಿಗೆ ‘ನನ್ನ ಅರ್ಜಿಯಲ್ಲಿ ಏನು ಕಡಿಮೆಯಾಗಿತ್ತು’ ಅಂತ ವಿನಯವಾಗಿ ಬರೆದು ಕೇಳಿದಳು. ಒಂದು ಸ್ಕೂಲಿನವರು ಫೋನ್‌ನಲ್ಲಿ ಸಾವಕಾಶವಾಗಿ ವಿವರಿಸಿದರು. ಕ್ಲಿನಿಕ್ ಅನುಭವ ಕಡಿಮೆ ಅಂತ ಗೊತ್ತಾಗಿದ್ದು ಆಗಲೇ.

ಕೇಳಿದ ತಾಯಿ, ಎರಡು ದಿನದ ನಂತರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶಿವಮೊಗ್ಗಕ್ಕೆ ನಮ್ಮ ಭಾವನವರ ಮೂಲಕ ಹೇಳಿಸಿದ್ದಾಯಿತು. ಒಪ್ಪಂದದ ಮಾತೂ ಮಗಳ ಹತ್ತಿರ ಆಡಿದೆ, ‘ಸರಿ ಅಮ್ಮ’ ಅಂದಳು. ಮೊದಲನೇ ಸ್ಕೂಲಿನ ಪೋರ್ಟಲ್‌ನಲ್ಲಿ ಅಪ್‌ಡೇಟ್ ಹಾಕಲು ಜಾಗ ಇದೆಯಂತೆ, ಎರಡನೆಯವರು ಬೇಡ ಅಂದಿದ್ದಾರೆ. ಡಿಸೆಂಬರ್‌ನಿಂದ ಒಂದು ವೃದ್ಧಾಶ್ರಮಕ್ಕೆ ಹೋಗಿ ಬರುತ್ತಿದ್ದಾಳೆ. ಅದು ಬರೆಯುವಷ್ಟು ದೊಡ್ಡದಾ ಅಂತ ಅವಳಿಗೆ ಅನುಮಾನ.

ಓಹಾಯೋದಿಂದ

ಖಂಡಿತ ಬರೆಯಲಿ ಆಂಟಿ. ಅಲ್ಲಿ ಒಬ್ಬರ ಜೊತೆ ನಡೆದ ಒಂದು ಸಂಗತಿ, ಅದರಿಂದ ತಾನು ಏನನ್ನು ಬೇರೆ ರೀತಿ ಮಾಡಲು ಶುರು ಮಾಡಿದಳು, ಇಷ್ಟಿದ್ದರೆ ಸಾಕು. ಆ ಜಾಗದವರ ಹೆಸರು, ಕಾಯಿಲೆ ವಿವರ ಬರೆಯುವುದು ಬೇಡ. ಒಂದು ಸಲ ಬೇರೆಯವರಿಂದ ಓದಿಸಿ, ಫೆಬ್ರವರಿ ಮೊದಲ ವಾರದಲ್ಲಿ ಹಾಕಿಬಿಡಲಿ. ಕಮಿಟಿಗಳು ಆಗಿನ್ನೂ ಕೂರುತ್ತಿರುತ್ತವೆ.