ಪಿಕಪ್ ಎತ್ತರಿಸುವ ಮೊದಲು ಅದರ ಕೆಳಗೆ ಮಲಗಿ ನೋಡಿ

ಪ್ರಶ್ನೆ: ಸರ್, ನಮ್ಮದು ಸಕಲೇಶಪುರದ ಹತ್ತಿರ ಕಾಫಿ ತೋಟ. 2017ರ ಇಸುಜು ವಿ-ಕ್ರಾಸ್ ಇದೆ. ಮಳೆಗಾಲದಲ್ಲಿ ತೋಟದ ದಾರಿ ಕೊರೆದು ಎರಡು ಕಾಲುವೆ ಆಗಿಬಿಡುತ್ತದೆ, ನಡುವೆ ದಿಬ್ಬ. ಗಾಡಿ ಅಡಿ ತಾಗುತ್ತದೆ. ಕೊಯ್ಲಿನಲ್ಲಿ 50 ಕೆಜಿಯ ಎಂಟು ಹತ್ತು ಚೀಲ ಹಾಕುತ್ತೇವೆ. 4 ಇಂಚು ಲಿಫ್ಟ್ ಮಾಡಿಸಬೇಕು ಅಂತ ಯೋಚನೆ. ಯಾವ ಕಿಟ್ ಒಳ್ಳೆಯದು?

ಉತ್ತರ: ಕಿಟ್ ವಿಷಯ ಆಮೇಲೆ. ಮೊದಲು ಒಂದು ಗೋಣಿಚೀಲ ಹಾಸಿ ಗಾಡಿ ಕೆಳಗೆ ಮಲಗಿ. ಎಲ್ಲಿ ಉಜ್ಜಿ ಬೆಳ್ಳಗೆ ಹೊಳೆಯುತ್ತಿದೆ ಅಂತ ಟಾರ್ಚ್ ಹಾಕಿ ನೋಡಿ, ಫೋಟೋ ಕಳಿಸಿ. ಜೊತೆಗೆ ನಾಲ್ಕೂ ಚಕ್ರದಲ್ಲಿ ಹಬ್ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಅಳತೆ ಬರೆದುಕೊಳ್ಳಿ. ಖಾಲಿ ಇದ್ದಾಗ ಒಂದು ಸಲ, ಚೀಲ ತುಂಬಿದಾಗ ಒಂದು ಸಲ. ನೆಲದಿಂದ ಅಳೆದರೆ ಟೈರ್ ಗಾಳಿ, ಸವೆತ ಎಲ್ಲಾ ಸೇರಿ ಲೆಕ್ಕ ತಪ್ಪುತ್ತದೆ.

ಪ್ರಶ್ನೆ: ನೋಡಿದೆ ಸರ್. ಹಿಂದಿನ ಕ್ರೌನ್ ಹೌಸಿಂಗ್ (ಎರಡು ಚಕ್ರದ ನಡುವಿನ ಗೇರ್ ಇರುವ ಉಂಡೆ) ತಳ ಉಜ್ಜಿದೆ. ಹಿಂದಿನ ಬಂಪರ್ ಕೆಳಗೂ ಗಾಯ ಇದೆ. ಅದು ಲೋಡ್ ಇದ್ದಾಗ ಚರಂಡಿ ದಾಟುವಾಗ ಆಗಿದ್ದು. ಮುಂದೆ ಏನೂ ಇಲ್ಲ. ಲೋಡ್ ಹಾಕಿದರೆ ಹಿಂದೆ ಜಾಸ್ತಿನೇ ಕೂರುತ್ತದೆ.

ಉತ್ತರ: ಹಾಗಾದರೆ ನಿಮ್ಮದು ಎರಡು ಬೇರೆ ಬೇರೆ ತೊಂದರೆ. ಒಂದೇ ಕಿಟ್‌ನಿಂದ ಎರಡೂ ಹೋಗುವುದಿಲ್ಲ.

ಕ್ರೌನ್ ತಾಗುವುದಕ್ಕೆ ಯಾವ ಸ್ಪ್ರಿಂಗ್ ಹಾಕಿದರೂ ಪ್ರಯೋಜನ ಇಲ್ಲ. ಹೌಸಿಂಗ್ ಕೂತಿರುವುದು ಚಕ್ರದ ಮೇಲೆ. ಪ್ಲೇಟ್ (ಹಿಂದಿನ ಸ್ಪ್ರಿಂಗ್‌ನ ಉಕ್ಕಿನ ಪಟ್ಟಿ) ಎತ್ತಿಸಿದರೆ ಚಾಸಿ ಮೇಲೆ ಹೋಗುತ್ತದೆ, ಹೌಸಿಂಗ್ ಇದ್ದಲ್ಲೇ ಇರುತ್ತದೆ. 4 ಇಂಚು ಎತ್ತಿಸಿದ ಮೇಲೂ ಅದೇ ದಿಬ್ಬ, ಅದೇ ಸದ್ದು. ಅದನ್ನು ಎತ್ತುವುದು ಟೈರ್ ಮಾತ್ರ, ಅದೂ ಸ್ವಲ್ಪ. ನಿಮ್ಮ 245/70 ಆರ್16 ಟೈರ್ ಸುಮಾರು 749 ಮಿಮೀ ಎತ್ತರ. 265/70 ಆರ್16 ಹಾಕಿದರೆ 777. ವ್ಯತ್ಯಾಸ 28, ಕೆಳಗೆ ಸಿಗುವುದು ಅದರ ಅರ್ಧ, 14 ಮಿಮೀ. ಅರ್ಧ ಇಂಚು. ಅದಕ್ಕೆ ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ ಮೊದಲಿಗಿಂತ 3 ಕಿಮೀ ಜಾಸ್ತಿ ಓಡುತ್ತಿರುತ್ತದೆ, ವೇಗ ಹಿಡಿಯುವುದು ಸ್ವಲ್ಪ ಮಂದ ಆಗುತ್ತದೆ. ನನ್ನ ಮಾತು ಕೇಳಿದರೆ, ಮಳೆ ನಿಂತ ಮೇಲೆ ಇಬ್ಬರು ಆಳು ಬಿಟ್ಟು ದಿಬ್ಬ ಕಡಿಸಿ, ಆ ಮಣ್ಣು ಕಲ್ಲನ್ನೇ ಕಾಲುವೆಗೆ ತುಂಬಿಸಿ. ಅಲ್ಲಿ ಅರ್ಧ ಅಡಿ ಸಿಗುತ್ತದೆ.

ಬಂಪರ್ ತಾಗುವುದಕ್ಕೆ ಪ್ಲೇಟ್ ಕೆಲಸ ಖಂಡಿತ ಬೇಕು. ಇಷ್ಟು ವರ್ಷ ಲೋಡ್ ಹೊತ್ತ ಪ್ಲೇಟ್ ಕೂತಿರುತ್ತದೆ. ಹಳೇ ಪ್ಲೇಟನ್ನೇ ಬಡಿದು ಬಾಗು ಕೊಡಿಸಬಹುದು, ಅಗ್ಗ, ಆದರೆ ಮತ್ತೆ ಕೂರುತ್ತದೆ. ಒಂದು ಪ್ಲೇಟ್ ಸೇರಿಸಿದರೆ ಲೋಡ್ ಚೆನ್ನಾಗಿ ಹೊರುತ್ತದೆ, ಖಾಲಿ ಗಾಡಿ ಮಾತ್ರ ಎತ್ತಿ ಹಾಕುತ್ತದೆ. ಪ್ಲೇಟ್ ತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್ ಉದ್ದ ಮಾಡುವವರೂ ಇದ್ದಾರೆ. 2 ಇಂಚು ಉದ್ದ ಮಾಡಿದರೆ ಸಿಗುವುದು 1 ಇಂಚು, ಹೌಸಿಂಗ್ ತಿರುಗಿ ಪ್ರೊಪೆಲ್ಲರ್ ಶಾಫ್ಟ್ ಕೋನ ಬದಲಾಗುತ್ತದೆ. ನಾನು ಮಾಡಿಕೊಡುವುದಿಲ್ಲ. ಹೊಸ ಸೆಟ್ಟೇ ಒಳ್ಳೆಯದು. ಓಲ್ಡ್ ಮ್ಯಾನ್ ಈಮು, ಐರನ್‌ಮ್ಯಾನ್ ತರಹದ ಕಿಟ್‌ಗಳಲ್ಲಿ ಲೋಡ್‌ಗೆ ತಕ್ಕ ಹಾಗೆ ಬೇರೆ ಬೇರೆ ಗಟ್ಟಿತನದ ಪ್ಲೇಟ್ ಸಿಗುತ್ತವೆ. ಅಲ್ಲಿ ಕೇಳುವುದು ಸದಾ ಇರುವ ಲೋಡ್. ನಿಮ್ಮ 500 ಕೆಜಿ ಇರುವುದು ಕೊಯ್ಲಿನ ಕೆಲವು ತಿಂಗಳು ತಾನೆ? ಹಾಗಾಗಿ ಮಧ್ಯಮ ಸೆಟ್ ಸಾಕು. ಪ್ಲೇಟನ್ನು ಹೌಸಿಂಗ್‌ಗೆ ಬಿಗಿಯುವ ಯೂ ಬೋಲ್ಟ್ ಹೊಸದೇ ಹಾಕಿಸಿ. ಒಮ್ಮೆ ಎಳೆದ ಬೋಲ್ಟ್ ಮತ್ತೆ ಅದೇ ಹಿಡಿತ ಕೊಡುವುದಿಲ್ಲ.

ಪ್ರಶ್ನೆ: ಮುಂದೆ ಏನೂ ಮಾಡಿಸದಿದ್ದರೆ ಮೂಗು ಕೆಳಗೆ ಕಾಣುವುದಿಲ್ವಾ? ಸ್ಪ್ರಿಂಗ್ ಮೇಲೆ ಇಡುವ ದಪ್ಪ ಬಿಲ್ಲೆ, ಅಂದರೆ ಸ್ಪೇಸರ್, ಹಾಕಿದರೆ ಸಾಕು ಅಂತ ಗೆಳೆಯ ಹೇಳಿದ.

ಉತ್ತರ: ಮುಂದೆ ಒಂದೂವರೆ ಇಂಚು ಎತ್ತಿಸಿ, ಸರಿಯಾದ ಸ್ಪ್ರಿಂಗ್ ಮತ್ತು ಶಾಕ್ ಹಾಕಿಸಿ. 2 ಇಂಚಿಗಿಂತ ಮೇಲೆ ಹೋಗಬೇಡಿ. ಸ್ಪೇಸರ್‌ನಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಸ್ಟ್ರಟ್ (ಸ್ಪ್ರಿಂಗ್, ಶಾಕ್ ಸೇರಿದ ಕಂಬ) ಇರುವುದು ಚಕ್ರ ಹಿಡಿಯುವ ಕೆಳಗಿನ ಆರ್ಮ್‌ನ ನಡುವೆ, ಚಕ್ರದ ಹತ್ತಿರ ಅಲ್ಲ. ಮೇಲೆ 1 ಇಂಚು ದಪ್ಪ ಇಟ್ಟರೆ ಚಕ್ರದಲ್ಲಿ ಹತ್ತಿರ ಹತ್ತಿರ 2 ಇಂಚು ಆಗುತ್ತದೆ.

ಕಳೆದ ವರ್ಷ ಒಬ್ಬರು ಬೇರೆ ಕಡೆ 2 ಇಂಚು ದಪ್ಪದ್ದನ್ನೇ ಹಾಕಿಸಿಕೊಂಡು ನನ್ನ ಹತ್ತಿರ ಬಂದರು. ಚಕ್ರ ಬಿಚ್ಚಿದರೆ ರಿಮ್ ಒಳಗೆಲ್ಲಾ ಕಪ್ಪು ಗ್ರೀಸ್ ಎರಚಿಕೊಂಡಿತ್ತು. ಆಕ್ಸಲ್ ಶಾಫ್ಟ್ ಕೋನ ಜಾಸ್ತಿಯಾಗಿ ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್‌ನ ಮಡಿಕೆಗಳು ಒಂದಕ್ಕೊಂದು ತಿಕ್ಕಿ ಹರಿದಿದ್ದವು. ಒಳಗೆ ಕೆಸರು ಹೊಕ್ಕು ಜಾಯಿಂಟ್ ಕಟಕಟ ಅನ್ನುತ್ತಿತ್ತು. ಮೇಲಿನ ಬಾಲ್ ಜಾಯಿಂಟ್ ಕೂಡ ಕೊನೆಯವರೆಗೆ ವಾಲಿ ನಿಂತಿತ್ತು. ಆ ಎತ್ತರಕ್ಕೆ ಮೇಲಿನ ಆರ್ಮ್ ಬದಲಿಸಬೇಕು, ಡಿಫರೆನ್ಷಿಯಲ್ ಇಳಿಸಬೇಕು. ಡಿಫರೆನ್ಷಿಯಲ್ ಇಳಿಸಿದರೆ ಸಿಕ್ಕ ಎತ್ತರದಲ್ಲಿ ಒಂದಿಷ್ಟು ವಾಪಸ್ ಹೋಯಿತು ಅಲ್ವಾ?

ಕೆಲಸ ಮುಗಿದ ದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸಿ. ಕ್ಯಾಸ್ಟರ್ (ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾದರೆ ಶಿರಾಡಿ ಘಾಟಿಯ ತಿರುವಿನಲ್ಲಿ ಸ್ಟೀರಿಂಗ್ ತಾನಾಗಿ ಹಿಂದಕ್ಕೆ ಬರುವುದಿಲ್ಲ.

ಮತ್ತೊಬ್ಬ ಸದಸ್ಯರು: ಅಣ್ಣ, ನನ್ನದು ಟಾಟಾ ಝೆನಾನ್. ಮುಂದೆ ಟಾರ್ಷನ್ ಬಾರ್, ಅಂದರೆ ಸುರುಳಿ ಸ್ಪ್ರಿಂಗ್ ಬದಲು ತಿರುಚಿಕೊಳ್ಳುವ ಸರಳು. ಬೋಲ್ಟ್ ಬಿಗಿ ಮಾಡಿದರೆ ಖರ್ಚೇ ಇಲ್ಲದೆ ಏಳುತ್ತದಂತೆ?

ಉತ್ತರ: ಏಳುತ್ತದೆ. ಆದರೆ ಚಕ್ರ ಕೆಳಗೆ ಇಳಿಯಲು ಇದ್ದ ಜಾಗ ಅಷ್ಟು ಹೋಗುತ್ತದೆ. ಹಂಪ್ ಇಳಿಯುವಾಗ ಟಕ್ ಅಂತ ಹೊಡೆಯುತ್ತದೆ. ಬಾರ್ ಸಡಿಲವಾಗಿ ಮೂಗು ಇಳಿದಿದ್ದರೆ ಕಂಪನಿ ಅಳತೆಗೆ ತನ್ನಿ, ಅಲ್ಲಿಗೆ ನಿಲ್ಲಿಸಿ. ಯಾವ ಗಾಡಿಯೇ ಆಗಲಿ, ಹಿಂಭಾಗ ಎತ್ತಿಸುವವರು ಇದನ್ನು ನೋಡಿ: ಕೆಲವು ಪಿಕಪ್‌ಗಳಲ್ಲಿ ಹೌಸಿಂಗ್‌ನಿಂದ ಚಾಸಿಗೆ ಒಂದು ಸಣ್ಣ ಕಡ್ಡಿ ಹೋಗಿ ಬ್ರೇಕ್ ವಾಲ್ವ್‌ಗೆ ಸೇರುತ್ತದೆ. ಹಿಂಭಾಗ ಕೂತಷ್ಟೂ ಹಿಂದಿನ ಬ್ರೇಕ್‌ಗೆ ಒತ್ತಡ ಜಾಸ್ತಿ ಬಿಡುವುದು ಅದರ ಕೆಲಸ. ಎತ್ತಿಸಿ ಕಡ್ಡಿ ಹೊಂದಿಸದಿದ್ದರೆ, ಲೋಡ್ ತುಂಬಿದ್ದರೂ ಗಾಡಿ ಖಾಲಿ ಅಂತಲೇ ಅದರ ಲೆಕ್ಕ. ಹಿಂದಿನ ಬ್ರೇಕ್ ಹಿಡಿಯುವುದಿಲ್ಲ. ಇದನ್ನು ಮರೆಯುವ ಮೆಕ್ಯಾನಿಕ್‌ಗಳನ್ನು ನಾನು ಜಾಸ್ತಿನೇ ನೋಡಿದ್ದೇನೆ, ದಯವಿಟ್ಟು ನೀವೇ ಕೇಳಿ.

ಪ್ರಶ್ನೆ: ಆರ್‌ಟಿಒ ತೊಂದರೆ ಬರುತ್ತಾ ಸರ್?

ಉತ್ತರ: ಬರಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ಹುಡುಕುವುದೂ ಇಂಥದ್ದನ್ನೇ. ಕೆಲಸಕ್ಕೆ ಕೈ ಹಾಕುವ ಮುಂಚೆ ಎರಡೂ ಕಡೆ ಕೇಳಿಕೊಳ್ಳಿ. ಕೂತ ಪ್ಲೇಟನ್ನು ಮೊದಲಿನ ಎತ್ತರಕ್ಕೆ ತರುವುದು ರಿಪೇರಿ, ಅದಕ್ಕೆ ಯಾರ ತಕರಾರೂ ಇರುವುದಿಲ್ಲ.

ಪ್ರಶ್ನೆ: ಅಪ್ಪನಿಗೆ ಮಂಡಿನೋವು. ಈಗಲೇ ಹತ್ತುವುದು ಕಷ್ಟ ಅನ್ನುತ್ತಾರೆ. ಅದನ್ನು ಯೋಚಿಸಿಯೇ ಇರಲಿಲ್ಲ.

ಉತ್ತರ: ಹಾಗಿದ್ದರೆ ಮುಂಭಾಗ ಎತ್ತಿಸುವುದು ಸದ್ಯಕ್ಕೆ ಬಿಡಿ. ಚೀಲ ಎತ್ತಿ ಹಾಕುವವರ ಹೆಗಲನ್ನೂ ನೆನಪಿಟ್ಟುಕೊಳ್ಳಿ, ಹಿಂದಿನ ಹಲಗೆ 2 ಇಂಚು ಮೇಲೆ ಹೋದರೆ ದಿನಕ್ಕೆ ನೂರು ಚೀಲಕ್ಕೆ ಅದು ಗೊತ್ತಾಗುತ್ತದೆ. ಹಿಂದಿನ ಪ್ಲೇಟ್ ಮತ್ತು ಅದರ ತುದಿಯ ಬುಷ್ ಹೊಸದು ಮಾಡಿಸಿ, ದಾರಿ ಸರಿ ಮಾಡಿಸಿ, ಈ ಕೊಯ್ಲು ಓಡಿಸಿ. ಆಮೇಲೂ ತಾಗಿದರೆ ಮತ್ತೆ ಕೆಳಗೆ ಮಲಗಿ ಒಂದು ಫೋಟೋ ಕಳಿಸಿ.