ವಾಷಿಂಗ್ಟನ್ ಡಿಸಿ ಪೊಲೀಸರು, ಐಸ್ ಮತ್ತು ನಾವು: ವಲಸೆ ವಕೀಲರಿಗೆ ಪ್ರಶ್ನೆ

ಪ್ರಶ್ನೆ: ಮೇಡಂ, ನಾವು ವಾಷಿಂಗ್ಟನ್ ಡಿಸಿಯಲ್ಲಿದ್ದೇವೆ. ಯಜಮಾನರದು ಎಚ್-1ಬಿ ಕೆಲಸದ ವೀಸಾ, ನನ್ನದು ಅವರ ಹೆಂಡತಿಯಾಗಿ ಸಿಕ್ಕ ಎಚ್-4. 2025ರ ಆಗಸ್ಟ್‌ನಲ್ಲಿ ಟ್ರಂಪ್ ಇಲ್ಲಿನ ಪೊಲೀಸರನ್ನು ತಮ್ಮ ಕೈಗೆ ತೆಗೆದುಕೊಂಡರು ಅಲ್ವಾ, ಬೇರೆ ಕಡೆಯೂ ಹಾಗೆ ಮಾಡಬಹುದಾ? ಇನ್ನೊಂದು ವಿಷಯ. ಕೆಳಗಿನ ಮನೆಯಲ್ಲಿ ಎಲ್ ಸಾಲ್ವಡಾರ್‌ನ ಹೆಂಗಸೊಬ್ಬಳಿದ್ದಾಳೆ, ಕಾಗದಪತ್ರ ಇಲ್ಲ. ಗಂಡ ಹೊಡೆಯುತ್ತಾನೆ. ಪೊಲೀಸರ ತುರ್ತು ನಂಬರ್ 911ಕ್ಕೆ ಫೋನ್ ಮಾಡು ಅಂದರೆ, ಐಸ್‌ನವರೂ (ಕಾಗದಪತ್ರ ಇಲ್ಲದವರನ್ನು ಹಿಡಿಯುವ ಕೇಂದ್ರದ ವಲಸೆ ಪಡೆ) ಬರುತ್ತಾರೆ ಅಂತ ಅಳುತ್ತಾಳೆ.

ಉತ್ತರ: ರಾಜ್ಯಗಳಲ್ಲಿ ಅಷ್ಟು ಸುಲಭವಲ್ಲ. ಡಿಸಿ ರಾಜ್ಯವಲ್ಲ. ಡಿಸಿಗೆ ತನ್ನದೇ ಸ್ಥಳೀಯ ಆಡಳಿತ ಕೊಟ್ಟ 1973ರ ಹೋಮ್ ರೂಲ್ ಕಾಯ್ದೆಯ 740ನೇ ಸೆಕ್ಷನ್ ಪ್ರಕಾರ, ತುರ್ತು ಪರಿಸ್ಥಿತಿ ಅಂತ ಹೇಳಿ ಅಧ್ಯಕ್ಷರು ಇಲ್ಲಿನ ಪೊಲೀಸರನ್ನು 30 ದಿನ ಬಳಸಿಕೊಳ್ಳಬಹುದು. ಆಗಸ್ಟ್ 11ಕ್ಕೆ ಶುರುವಾಗಿದ್ದು ಸೆಪ್ಟೆಂಬರ್ 10ಕ್ಕೆ ಮುಗಿಯಿತು. ರಾಜ್ಯದ ಪೊಲೀಸರಿಗೆ ಕೇಂದ್ರ ತನ್ನ ಕೆಲಸ ಹೊರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1997ರ ಪ್ರಿಂಟ್ಜ್ ತೀರ್ಪಿನಲ್ಲಿ ಹೇಳಿದೆ. ಆದರೆ ಸ್ಥಳೀಯ ಪೊಲೀಸರೇ ಒಪ್ಪಿ, ಐಸ್‌ನ ಕೆಲಸವನ್ನು ತಾವೂ ಮಾಡುವ 287(ಜಿ) ಒಪ್ಪಂದಕ್ಕೆ ಸಹಿ ಹಾಕಬಹುದು.

ಆ ತಂಗಿಯ ಭಯ ಸುಮ್ನೆ ಹುಟ್ಟಿದ್ದಲ್ಲ. ಅದೇ ಆಗಸ್ಟ್‌ನಲ್ಲಿ ಡಿಸಿ ಪೊಲೀಸ್ ಮುಖ್ಯಸ್ಥರು, ರಸ್ತೆಯಲ್ಲಿ ಗಾಡಿ ತಡೆದಾಗ ಸಿಕ್ಕವರ ಮಾಹಿತಿಯನ್ನು ವಲಸೆ ಅಧಿಕಾರಿಗಳಿಗೆ ಕೊಡಬಹುದು ಅಂತ ಆದೇಶ ಹೊರಡಿಸಿದರು. ಮೊಪೆಡ್‌ನಲ್ಲಿ ಊಟ ತಲುಪಿಸುವ ಹುಡುಗರನ್ನು ಬೀದಿಯಲ್ಲೇ ಹಿಡಿದರು. ಇದನ್ನೆಲ್ಲ ನೋಡಿದವಳು ಹೇಗೆ ನಂಬುತ್ತಾಳೆ ಹೇಳಿ? ಹೊಡೆಯುವ ಗಂಡನಿಗೆ ಇದೇ ಬಲ. "ಫೋನ್ ಮಾಡು ನೋಡೋಣ, ನಿನ್ನನ್ನೇ ಊರಿಗೆ ಕಳಿಸುತ್ತಾರೆ" ಅಂತಾನೆ. ನನ್ನ ಹತ್ತಿರ ಬರುವ ಹೆಂಗಸರ ಬಾಯಲ್ಲಿ ಈ ಮಾತು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಆದರೂ ಜೀವಕ್ಕೆ ಅಪಾಯ ಅಂತ ಕಂಡರೆ 911 ಮಾಡಲೇಬೇಕು. ಅವಳು ಮಾಡದಿದ್ದರೆ ನೀವು ಮಾಡಿ. ಇಂಥ ಅಪರಾಧಕ್ಕೆ ಸಿಕ್ಕಿ, ತನಿಖೆಗೆ ಸಹಕರಿಸಿದವರಿಗೆ ಯು ವೀಸಾ ಇದೆ. ಅದಕ್ಕೆ ಪೊಲೀಸರ ಅಥವಾ ಪ್ರಾಸಿಕ್ಯೂಟರ್‌ರ ಸಹಿ ಬೇಕು. ವರ್ಷಕ್ಕೆ 10,000 ವೀಸಾ ಮಾತ್ರ, ಹಾಗಾಗಿ ವರ್ಷಗಟ್ಟಲೆ ಕಾಯಬೇಕು. ಗಂಡ ಸಿಟಿಜನ್ ಆಗಿದ್ದರೆ ಅಥವಾ ಗ್ರೀನ್ ಕಾರ್ಡ್ ಇದ್ದರೆ, ಅವನಿಗೆ ಗೊತ್ತಾಗದ ಹಾಗೆ ವಾವಾ (ಹೆಂಗಸರ ಮೇಲಿನ ದೌರ್ಜನ್ಯ ತಡೆಯುವ) ಕಾಯ್ದೆಯಡಿ ಗ್ರೀನ್ ಕಾರ್ಡ್‌ಗಾಗಿ ಅವಳೇ ಅರ್ಜಿ ಹಾಕಬಹುದು. ಬಾಸುಂಡೆಯ ಫೋಟೊ, ಆಸ್ಪತ್ರೆ ಚೀಟಿ, ಅವನು ಬೆದರಿಸಿದ ಮೆಸೇಜು ಎಲ್ಲದರ ಪ್ರತಿ ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ಅವಳ ಮನೆಯಲ್ಲಿ ಬೇಡ.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ನಾವೇನು ಜೊತೆಗಿಟ್ಟುಕೊಳ್ಳಬೇಕು? ಯಾರಾದರೂ ಬಾಗಿಲು ಬಡಿದರೆ?

ಉತ್ತರ: ವೀಸಾದಲ್ಲಿರುವ, 18 ದಾಟಿದವರು ಐ-94 (ದೇಶದೊಳಗೆ ಬಂದ ದಾಖಲೆ) ಇಟ್ಟುಕೊಂಡೇ ಓಡಾಡಬೇಕು, ಅದು ಹಳೇ ಕಾನೂನೇ. ಬಾಗಿಲು ಬಡಿದರೆ, ವಾರಂಟನ್ನು ಸಂದಿಯಿಂದ ತೂರಿಸಿ ಅನ್ನಿ. ಜಡ್ಜ್ ಸಹಿ ಇದೆಯಾ ನೋಡಿ. ವಲಸೆ ಅಧಿಕಾರಿಯೇ ಸಹಿ ಹಾಕಿದ ಐ-200 ವಾರಂಟ್ ಆಗಿದ್ದರೆ ನೀವು ಬಾಗಿಲು ತೆಗೆಯಬೇಕಾಗಿಲ್ಲ. ಜೋರು ಮಾಡಿ ಒಳಗೆ ಬಂದರೆ ಅಡ್ಡ ನಿಲ್ಲಬೇಡಿ. ಒಪ್ಪಿಗೆ ಇಲ್ಲ ಅಂತ ಗಟ್ಟಿಯಾಗಿ ಹೇಳಿ. ವಕೀಲರಿಗೆ ತೋರಿಸದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.