ಪಾರ್ಸಲ್‌ನಲ್ಲಿ ಬಾಟಲಿ ಒಡೆದಿದೆ: ಫೋಟೊ ಕೊಡಲ್ಲ, ಪೂರ್ತಿ ದುಡ್ಡು ಬೇಕು ಅಂತಾರೆ. ಏನು ಮಾಡೋದು?

ಅಪ್ಪೆಮಿಡಿ_ಸಾಗರ:

ಸಾಗರದ ಹತ್ರ ಮನೇಲೇ ಉಪ್ಪಿನಕಾಯಿ ಮಾಡಿ ನಮ್ಮದೇ ವೆಬ್‌ಸೈಟ್‌ನಲ್ಲಿ ಮಾರ್ತೀವಿ. ಪುಣೆಯಲ್ಲಿರೋ ಕನ್ನಡದವರೊಬ್ಬರಿಗೆ ಅರ್ಧ ಕಿಲೊದ ಆರು ಗಾಜಿನ ಬಾಟಲಿ ಅಪ್ಪೆಮಿಡಿ ಕಳಿಸಿದ್ದೆವು. ಬಾಟಲಿಗೆ 320 ರೂ., ಕೊರಿಯರ್ 380 ರೂ., ಒಟ್ಟು 2,300. ಮೂರು ಪದರದ ರಟ್ಟಿನ ಡಬ್ಬ, ಪ್ರತಿ ಬಾಟಲಿಗೂ ಒಂದು ಸುತ್ತು ಬಬಲ್ ರ‍್ಯಾಪ್, ಸಂದಿಗೆ ಪೇಪರ್, ಮೇಲೆ ‘ಗಾಜು, ಜೋಪಾನ’ ಸ್ಟಿಕ್ಕರ್.

ಒಂದು ಬಾಟಲಿ ಒಡೆದಿದೆ, ಇನ್ನೊಂದರ ಮುಚ್ಚಳ ಸೋರಿದೆ ಅಂತ ಫೋನ್ ಬಂತು. ಫೋಟೊ ಕೇಳಿದ್ರೆ ‘ನನ್ನ ಮೇಲೆ ಅನುಮಾನವಾ?’ ಅಂತಾರೆ. ಎರಡು ಬಾಟಲಿ ಹೊಸದಾಗಿ ಕಳಿಸ್ತೀವಿ ಅಂದ್ರೂ ಒಪ್ಪಲಿಲ್ಲ. ಪೂರ್ತಿ 2,300 ವಾಪಸ್ ಬೇಕಂತೆ, ರಸ ಚೆಲ್ಲಿ ಕಾರ್ಪೆಟ್ ಹಾಳಾಗಿದ್ದಕ್ಕೆ 3,500 ಬೇರೆ. ಇಲ್ಲಾಂದ್ರೆ ಗ್ರಾಹಕರ ಕೋರ್ಟು, ಬ್ಯಾಂಕ್ ದೂರು, ಎಲ್ಲ ಕಡೆ ಒಂದು ಸ್ಟಾರ್. ದಿನಕ್ಕೆ ನಾಲ್ಕೈದು ಸಲ ಫೋನ್ ಮಾಡಿ ಕೂಗಾಡ್ತಾರೆ. ‘ಅನ್‌ಬಾಕ್ಸಿಂಗ್ ವಿಡಿಯೊ ಇಲ್ಲದಿದ್ದರೆ ಹಣ ವಾಪಸ್ ಇಲ್ಲ’ ಅಂತ ನಮ್ಮ ಸೈಟ್‌ನಲ್ಲಿ ಹಾಕಿದ್ದೀವಿ. ಅದನ್ನೇ ಹಿಡಿದು ಕೂರಬಹುದಾ?

---

ಪಾರ್ಸಲ್_ಪರಮೇಶಿ:

ಮೊದಲು ಫೋನ್ ನಿಲ್ಲಿಸಿ. ‘ವಿಷಯ ದಾಖಲೆಯಲ್ಲಿರಲಿ, ಇಮೇಲ್‌ನಲ್ಲಿ ಮುಂದುವರಿಸೋಣ’ ಅಂತ ಒಂದು ಸಾಲು ಹಾಕಿ, ಆಮೇಲೆ ಬರೋ ಕರೆಗೆಲ್ಲ ಅದೇ ಉತ್ತರ. ಫೋನಲ್ಲಿ ಅವರು ಎಷ್ಟು ಕೂಗಿದ್ರು ಅನ್ನೋದು ನಾಳೆ ಯಾರಿಗೂ ಬೇಡ, ನೀವು ಯಾವತ್ತು ಏನು ಕೊಡ್ತೀನಿ ಅಂದ್ರಿ ಅನ್ನೋದು ಮಾತ್ರ ಉಳಿಯುತ್ತೆ.

ಅವರ ಬೇಡಿಕೆಯನ್ನ ಒಂದೇ ಗಂಟು ಅಂತ ನೋಡಬೇಡಿ, ಬಿಡಿಸಿ. ಒಡೆದದ್ದು, ಸೋರಿದ್ದು: ಇವೆರಡರ ದುಡ್ಡು ಖಂಡಿತ ಅವರದ್ದು, ಅದರಲ್ಲಿ ಚೌಕಾಸಿ ಬೇಡ. ಉಳಿದ ನಾಲ್ಕು ಬಾಟಲಿ ಎರಡನೇ ವಿಷಯ. ಕಾರ್ಪೆಟ್ ಮೂರನೆಯದು. ಮನುಷ್ಯ ಮೊಂಡ ಇರಬಹುದು, ಹಾಗಂತ ಮೊದಲನೇ ವಿಷಯದಲ್ಲಿ ನಿಮ್ಮ ಹೊಣೆ ಒಂದು ಪೈಸೆಯೂ ಕಮ್ಮಿಯಾಗಲ್ಲ. ಎರಡು ಬಾಟಲಿಗೆ 640, ಕೊರಿಯರ್‌ನಲ್ಲಿ ಅವುಗಳ ಪಾಲು 127, ಒಟ್ಟು 767. ಇದನ್ನ ಫೋಟೊ ಬರಲಿ ಅಂತ ಕಾಯಿಸಬೇಡಿ. ಫೋಟೊ ಬೇಕಾಗಿರೋದು ನಿಮ್ಮ ಕೊರಿಯರ್ ಕ್ಲೇಮಿಗೆ, ಅವರ ಹಕ್ಕಿಗಲ್ಲ. ಹಾಗೇ ಹೇಳಿ ನೋಡಿ, ‘ಕೊರಿಯರ್‌ನವರ ಹತ್ರ ವಸೂಲಿಗೆ ಬೇಕು’ ಅಂದಾಗ ಅನುಮಾನದ ಮಾತೇ ಬರಲ್ಲ, ಸುಮಾರು ಜನ ಕಳಿಸ್ತಾರೆ. ಕೇಳೋದಾದ್ರೆ ಮೂರೇ ಕೇಳಿ: ವಿಳಾಸದ ಲೇಬಲ್ ಕಾಣೋ ಹಾಗೆ ಡಬ್ಬದ ಹೊರಗು, ತೆರೆದ ಡಬ್ಬದ ಒಳಗು, ಒಡೆದ ಬಾಟಲಿಯ ಬ್ಯಾಚ್ ಲೇಬಲ್. ಡಬ್ಬ ಎಸೀಬೇಡಿ ಅಂತ ಇವತ್ತೇ ಹೇಳಿ.

ಮಾಲು ವಾಪಸ್ ಕಳಿಸಿ ಅಂತ ಮಾತ್ರ ಕೇಳಬೇಡಿ. ಒಡೆದ ಗಾಜು, ಸೋರುವ ರಸ ಇರೋ ಡಬ್ಬವನ್ನ ಯಾವ ಪಿಕಪ್ ಹುಡುಗನೂ ಮುಟ್ಟಲ್ಲ. ಆಗದ ಕೆಲಸ ಹೇಳಿ ನುಣುಚಿಕೊಂಡ್ರು ಅನ್ನೋ ಮಾತು ಬರುತ್ತೆ.

ಈ ಥರ ಬರೀರಿ:

‘ನಮಸ್ಕಾರ. ಒಂದು ಬಾಟಲಿ ಒಡೆದು ಇನ್ನೊಂದು ಸೋರಿದೆ ಎಂದು ತಿಳಿಸಿದ್ದೀರಿ. ಆ ಎರಡನ್ನೂ ದಯವಿಟ್ಟು ಬಳಸಬೇಡಿ. ಅವುಗಳ ಬೆಲೆ ಮತ್ತು ಕೊರಿಯರ್ ಪಾಲು ಸೇರಿ 767 ರೂ. ವಾಪಸ್ ಕೊಡುತ್ತೇವೆ, ಅಥವಾ ನಮ್ಮ ಖರ್ಚಿನಲ್ಲಿ ಎರಡು ಹೊಸ ಬಾಟಲಿ ಕಳಿಸುತ್ತೇವೆ. ಯಾವುದು ಬೇಕೆಂದು ಶುಕ್ರವಾರದೊಳಗೆ ತಿಳಿಸಿ. ಉತ್ತರ ಬಾರದಿದ್ದರೆ ಶನಿವಾರ ಹಣ ಹಾಕುತ್ತೇವೆ. ಕಾರ್ಪೆಟ್‌ನ ಕಲೆಯ ಫೋಟೊ ಮತ್ತು ತೊಳೆಸಿದ ಬಿಲ್ ಕಳಿಸಿದರೆ ನೋಡಿ ಉತ್ತರಿಸುತ್ತೇವೆ.’

ಇಷ್ಟೇ. ‘ಕೊರಿಯರ್‌ನವರ ತಪ್ಪು’ ಅನ್ನೋದು ಬೇಡ. ಅವರು ದುಡ್ಡು ಕೊಟ್ಟಿದ್ದು ನಿಮಗೆ, ಕೊರಿಯರ್ ಆರಿಸಿದ್ದೂ ನೀವೇ. ‘ರಿವ್ಯೂ ಅಳಿಸಿದ್ರೆ ದುಡ್ಡು’ ಅನ್ನೋ ಮಾತಂತೂ ಬಾಯಿತಪ್ಪಿಯೂ ಬೇಡ, ಅದರ ಸ್ಕ್ರೀನ್‌ಶಾಟ್ ಆ ಒಂದು ಸ್ಟಾರ್‌ಗಿಂತ ಕೆಟ್ಟದು. ರಿವ್ಯೂ ಹಾಕೇ ಹಾಕಿದ್ರೆ ಕೆಳಗೆ ಒಂದೇ ಉತ್ತರ: ಯಾವ ತಾರೀಕು ದೂರು ಬಂತು, ಯಾವ ತಾರೀಕು ಎಷ್ಟು ವಾಪಸ್ ಹೋಯ್ತು. ಅವರ ಹೆಸರು, ಆರ್ಡರ್ ನಂಬರ್, ಊರು ಯಾವುದೂ ಬೇಡ.

---

ಕಾಯ್ದೆಕಟ್ಟೆ:

ವಿಡಿಯೊ ಷರತ್ತಿನ ಬಗ್ಗೆ. ಪುರಾವೆ ಕೇಳೋದು ತಪ್ಪಲ್ಲ, ವಿಡಿಯೊ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಕೊಡಲ್ಲ ಅನ್ನೋದು ನಿಲ್ಲೋದು ಕಷ್ಟ. ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಕಲಂ 2(47) ನೋಡಿ. ದೋಷವಿರುವ ಮಾಲು ವಾಪಸ್ ತಗೊಂಡು ಹಣ ಹಿಂದಿರುಗಿಸಲು ನಿರಾಕರಿಸೋದು ಅಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲೇ ಇದೆ. ಬಿಲ್ಲಿನಲ್ಲಿ ಅವಧಿ ಬರೆದಿರದಿದ್ದರೆ 30 ದಿನ ಅಂತ ಲೆಕ್ಕ. ಇದರ ಜೊತೆಗೆ ಆನ್‌ಲೈನ್ ವ್ಯಾಪಾರಕ್ಕೆ 2020ರ ಇ-ಕಾಮರ್ಸ್ ನಿಯಮಗಳಿವೆ: ದೂರು ಬಂದ 48 ಗಂಟೆಯೊಳಗೆ ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ 48 ಗಂಟೆಯ ಉತ್ತರ ನಿಮ್ಮಿಂದ ಬರಹದಲ್ಲಿ ಹೋಗಿದೆಯಾ ನೋಡಿಕೊಳ್ಳಿ.

ಅವರು ಕೋರ್ಟು ಅನ್ನೋದು ಪೊಳ್ಳು ಬೆದರಿಕೆಯೂ ಅಲ್ಲ, ಹೆದರಿ ಓಡಬೇಕಾದ್ದೂ ಅಲ್ಲ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕವೇ ಇಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷದವರೆಗೆ ಅವಕಾಶ ಇದೆ. ದೊಡ್ಡದು ಇದು: 2019ರ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಊರಲ್ಲೇ ದೂರು ಹಾಕಬಹುದು. ಅಂದ್ರೆ ಉತ್ತರ ಕೊಡಬೇಕಾಗಿರೋದು ಪುಣೆಗೆ, ಶಿವಮೊಗ್ಗಕ್ಕಲ್ಲ. 767 ರೂಪಾಯಿ ತಡೆಹಿಡಿದು ಆ ಪಾಡು ಯಾಕೆ? ಅದಕ್ಕೂ ಮುಂಚೆ ಸಾಮಾನ್ಯವಾಗಿ 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹೋಗುತ್ತೆ. ಅಲ್ಲಿಂದ ಕೇಳಿದಾಗ ನಿಮ್ಮ ಇಮೇಲ್ ಮತ್ತು ಹಣ ವಾಪಸಾದ ದಾಖಲೆ ಹಾಕಿದರಾಯ್ತು.

ಕಾರ್ಪೆಟ್‌ಗೆ ‘ಅದಕ್ಕೆ ನಾವು ಜವಾಬ್ದಾರರಲ್ಲ’ ಅಂತ ಒಂದೇ ಏಟಿಗೆ ಬರೀಬೇಡಿ. ಮಾಲಿನ ದೋಷದಿಂದ ಬೇರೆ ಆಸ್ತಿಗೆ ಆದ ಹಾನಿಗೂ ಪರಿಹಾರ ಕೇಳೋಕೆ ಕಾಯ್ದೆಯಲ್ಲಿ ದಾರಿ ಇದೆ. ಆದರೆ ಹಾನಿ ಆಗಿದೆ, ಇಷ್ಟು ಆಗಿದೆ ಅಂತ ತೋರಿಸಬೇಕಾದವರು ಅವರು. ಬಿಲ್ ಕೇಳೋದು ಸರಿ ದಾರಿ. ತೊಳೆಸಿದ ಬಿಲ್ ಬಂದ್ರೆ ಅಷ್ಟು ಕೊಟ್ಟು ಮುಗಿಸಿ. 3,500 ಅಂತ ಬಾಯಿಮಾತಿಗೆ ಏನೂ ಇಲ್ಲ.

---

ಅಪ್ಪೆಮಿಡಿ_ಸಾಗರ:

ಇಬ್ಬರಿಗೂ ಧನ್ಯವಾದ. ಇಮೇಲ್ ಹಾಕಿದೆ. ಅಷ್ಟರಲ್ಲಿ ಪೇಮೆಂಟ್ ಗೇಟ್‌ವೇಯಿಂದ (ಸೈಟ್‌ನಲ್ಲಿ ಕಾರ್ಡ್ ಹಣ ತಗೊಂಡು ನಮಗೆ ತಲುಪಿಸೋ ಕಂಪನಿ) ನೋಟಿಸ್ ಬಂತು, ಬ್ಯಾಂಕ್‌ನಲ್ಲಿ 2,300ಕ್ಕೂ ತಕರಾರು ಹಾಕಿದ್ದಾರೆ, ಕಾರ್ಡ್ ಪೇಮೆಂಟ್. ಇತ್ತ ಅವರೇ ‘767 ನನ್ನ ಫೋನ್ ನಂಬರ್‌ಗೆ ಯುಪಿಐ ಮಾಡಿ’ ಅಂತಿದ್ದಾರೆ. ಮಾಡ್ಲಾ? ಕೊರಿಯರ್‌ನವರು ‘ಓನರ್ಸ್ ರಿಸ್ಕ್’, ಅಂದ್ರೆ ಹಾಳಾದ್ರೆ ನಷ್ಟ ಕಳಿಸಿದವರದ್ದೇ, ಅಂತ ಕೈತೊಳೆದುಕೊಂಡ್ರು.

---

ಲೆಕ್ಕದ_ಪುಟ:

ಯುಪಿಐ ಮಾಡಬೇಡಿ! ತಕರಾರು ತೆರೆದಿರುವಾಗ ಬೇರೆ ದಾರಿಯಲ್ಲಿ ದುಡ್ಡು ಕಳಿಸಿದ್ರೆ, ಆ ಕಾರ್ಡ್ ವಹಿವಾಟಿಗೆ ವಾಪಸ್ ಹೋಯ್ತು ಅಂತ ಬ್ಯಾಂಕಿಗೆ ಕಾಣೋದೇ ಇಲ್ಲ. ಚಾರ್ಜ್‌ಬ್ಯಾಕ್ (ತಕರಾರಿನ ಮೇಲೆ ಬ್ಯಾಂಕ್ ನಿಮ್ಮಿಂದ ಹಣ ಹಿಂದಕ್ಕೆ ಪಡೆಯೋದು) ಅವರ ಕಡೆ ಆದ್ರೆ 2,300 ಪೂರ್ತಿ ಹೋಗುತ್ತೆ, ಜೊತೆಗೆ ನೀವು ಹಾಕಿದ 767ಉ. ಯಾವಾಗಲೂ ಮೂಲ ವಹಿವಾಟಿನ ಮೇಲೇ ರಿಫಂಡ್ ಹೊಡೀಬೇಕು.

ಈಗ ಗೇಟ್‌ವೇ ಡ್ಯಾಶ್‌ಬೋರ್ಡ್‌ನಲ್ಲಿ ಆ ತಕರಾರು ತೆರೆದು ಕೊನೆಯ ದಿನಾಂಕ ಯಾವುದು ನೋಡಿ. ಅದು ದಾಟಿದ್ರೆ ನ್ಯಾಯ ಯಾರ ಕಡೆ ಇದ್ರೂ ಸೋತ ಹಾಗೇ. ಭಾಗಶಃ ಒಪ್ಪಿಕೊಳ್ಳುವ ಆಯ್ಕೆ ಇದ್ರೆ 767ಕ್ಕೆ ಒಪ್ಪಿ, ಉಳಿದ 1,533ಕ್ಕೆ ಪುರಾವೆ ಹಾಕಿ. ಆ ಆಯ್ಕೆ ಕಾಣದಿದ್ರೆ ಗೇಟ್‌ವೇ ಸಪೋರ್ಟ್‌ಗೆ ಬರೆದು, ಈಗ ಭಾಗಶಃ ರಿಫಂಡ್ ಹೊಡೆದರೆ ಎರಡು ಸಲ ಕಡಿತ ಆಗಲ್ಲ ಅಂತ ಖಚಿತ ಮಾಡ್ಕೊಂಡೇ ಮುಂದುವರಿಯಿರಿ. ಪುರಾವೆ ಅಂದ್ರೆ ಬಿಲ್, ತಲುಪಿದ ದಾಖಲೆ, ‘ಒಂದು ಒಡೆದಿದೆ, ಒಂದು ಸೋರಿದೆ’ ಅಂತ ಅವರೇ ಬರೆದ ಮೆಸೇಜು, ನೀವು ಕೊಡ್ತೀವಿ ಅಂದ ಇಮೇಲ್. ಎರಡೇ ಹಾಳಾಗಿದ್ದು ಅಂತ ಅವರ ಬರಹದಲ್ಲೇ ಇರೋದು ನಿಮ್ಮ ಗಟ್ಟಿ ಕಾಗದ. ಫೋನಲ್ಲಿ ಮಾತ್ರ ಹೇಳಿದ್ರೆ, ‘ನಿಮ್ಮ ಕರೆಯಂತೆ ಎರಡು ಬಾಟಲಿ ಹಾಳಾಗಿವೆ, ಸರಿ ತಾನೆ?’ ಅಂತ ಕೇಳಿ ಉತ್ತರ ತರಿಸಿಕೊಳ್ಳಿ. ಜಿಎಸ್‌ಟಿ ನೋಂದಣಿ ಇದ್ರೆ ವಾಪಸ್ ಕೊಟ್ಟಷ್ಟಕ್ಕೆ ಕ್ರೆಡಿಟ್ ನೋಟ್ (ಬಿಲ್ಲಿನಿಂದ ಅಷ್ಟು ಕಳೆದ ಚೀಟಿ) ಮಾಡೋದು ಮರೀಬೇಡಿ.

ಕೊರಿಯರ್‌ನಿಂದ ಹೆಚ್ಚು ಆಸೆ ಬೇಡ. ಓನರ್ಸ್ ರಿಸ್ಕ್ ಅಂದ್ರೆ ಬುಕ್ಕಿಂಗ್ ಹೊತ್ತಲ್ಲಿ ಮಾಲಿನ ಬೆಲೆಯ ಮೇಲಿನ ಶುಲ್ಕ, ಅವರ ಭಾಷೆಯ ಎಫ್‌ಒವಿ, ಕಟ್ಟಿಲ್ಲ ಅಂತ. ಅದನ್ನ ಕಟ್ಟಿ ಕ್ಯಾರಿಯರ್ಸ್ ರಿಸ್ಕ್‌ನಲ್ಲಿ ಹಾಕಿದ್ರೂ ಗಾಜು, ದ್ರವ ಹೊರತು ಅಂತ ಸಣ್ಣ ಅಕ್ಷರದಲ್ಲಿ ಇರಬಹುದು, ಓದಿ. ಆದ್ರೂ ದೂರು ಬರಹದಲ್ಲಿ ಹಾಕಿಡಿ. ರಸ್ತೆ ಸಾಗಣೆ ಕಾಯ್ದೆ 2007ರ ಪ್ರಕಾರ ದಾವೆ ಹೂಡೋದಿದ್ರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಲೇಬೇಕು. ಸ್ಪೀಡ್ ಪೋಸ್ಟ್ ಆದ್ರೆ, ವಿಮೆ ಮಾಡಿಸದ ಪಾರ್ಸಲ್‌ಗೆ ನೀವು ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1,000 ರೂ., ಯಾವುದು ಕಡಿಮೆಯೋ ಅದು.

---

ರಟ್ಟಿನ_ಡಬ್ಬ:

ಜಗಳದ ಮಾತು ಎಲ್ಲರೂ ಹೇಳಿದ್ರು. ಮೂರು ಪದರದ ಡಬ್ಬದಲ್ಲಿ ಆರು ಗಾಜಿನ ಬಾಟಲಿ ಹೋಗ್ತಾ ಇದ್ರೆ ಇಂಥ ಗ್ರಾಹಕ ಮತ್ತೆ ಸಿಕ್ಕೇ ಸಿಗ್ತಾರೆ. ಗಾಜು ಬಿದ್ದು ಒಡೆಯೋದಕ್ಕಿಂತ ಪಕ್ಕದ ಗಾಜಿಗೆ ಬಡಿದು ಒಡೆಯೋದು ಹೆಚ್ಚು. ಪೇಪರ್ ಉಂಡೆ ಲಾರಿಯ ಕುಲುಕಾಟಕ್ಕೆ ಅಮುಕಿ ಕೆಳಗೆ ಇಳಿಯುತ್ತೆ, ಹುಬ್ಬಳ್ಳಿ ದಾಟೋ ಹೊತ್ತಿಗೆ ಬಾಟಲಿಗಳು ಒಂದಕ್ಕೊಂದು ತಾಗಿರ್ತವೆ. ಸ್ಟಿಕ್ಕರ್ ಯಾರೂ ಓದಲ್ಲ, ಬಾಣದ ಗುರುತು ಕೂಡ. ಡಬ್ಬ ತಲೆಕೆಳಗಾಗೇ ಹೋಗುತ್ತೆ ಅಂದ್ಕೊಂಡೇ ಕಟ್ಟಿ.

ಐದು ಪದರದ ಡಬ್ಬ, ನಡುವೆ ರಟ್ಟಿನ ಅಡ್ಡಗೋಡೆ, ಬಾಟಲಿಗೆ ಗುಳ್ಳೆ ಒಳಮುಖವಾಗಿ ಮೂರು ಸುತ್ತು ಬಬಲ್ ರ‍್ಯಾಪ್, ಆರೂ ಬದಿಗೆ 5 ಸೆಂ.ಮೀ. ಮೆತ್ತೆ. ಪ್ರತಿ ಬಾಟಲಿ ಜಿಪ್ ಕವರ್‌ನಲ್ಲಿ ಹೋಗಬೇಕು, ಆಗ ಒಂದು ಸೋರಿದ್ರೂ ಉಳಿದ ಐದು ಮತ್ತು ಯಾರದೋ ಕಾರ್ಪೆಟ್ ಉಳಿಯುತ್ತೆ. ಟೇಪ್ ಮೇಲೂ ಕೆಳಗೂ ಎಚ್ ಆಕಾರದಲ್ಲಿ. ಮುಚ್ಚಿ ಕಿವಿ ಹತ್ರ ಹಿಡಿದು ಅಲ್ಲಾಡಿಸಿ, ಸದ್ದು ಬಂದ್ರೆ ಬಿಚ್ಚಿ ಮತ್ತೆ ತುಂಬಿ. ಹೊಸ ಡಬ್ಬದ ವಿನ್ಯಾಸಕ್ಕೆ ಒಂದು ಸಲ ಇಸ್ಟಾ 1ಎ (ಪ್ಯಾಕಿಂಗ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ ಬೀಳಿಸೋ ಪರೀಕ್ಷೆ ಮಾಡಿ: ಸುಮಾರು 9 ಕಿಲೊವರೆಗಿನ ಡಬ್ಬ 76 ಸೆಂ.ಮೀ. ಎತ್ತರದಿಂದ ಹತ್ತು ಸಲ, ಒಂದು ಮೂಲೆ, ಮೂರು ಅಂಚು, ಆರು ಮುಖ.

ಖರ್ಚು ಏರುತ್ತೆ, ಅದನ್ನೂ ಲೆಕ್ಕ ಹಾಕಿ. ಹೀಗೆ ಕಟ್ಟಿದ ಡಬ್ಬ ಸುಮಾರು 42×31×25 ಸೆಂ.ಮೀ. ಆಗುತ್ತೆ. ಕೊರಿಯರ್‌ನವರು ಡಬ್ಬದ ಗಾತ್ರವನ್ನೂ ತೂಕವಾಗಿ ಲೆಕ್ಕ ಹಾಕ್ತಾರೆ: ಮೂರೂ ಅಳತೆ ಗುಣಿಸಿ 5000ದಿಂದ ಭಾಗಿಸಿದ್ರೆ 6.5 ಕಿಲೊ, ನಿಜವಾದ ತೂಕ ಐದೂವರೆ ಇದ್ರೂ ಕೊರಿಯರ್‌ನವರು ಹಾಕೋದು ಆರೂವರೆಯ ಬಿಲ್.

ಸೋರೋದು ಬೇರೆಯದೇ ರೋಗ. ಮಲೆನಾಡಿನ ಮಿಡಿ ಉಪ್ಪಿನಕಾಯಿಯಲ್ಲಿ ಎಣ್ಣೆ ಇಲ್ಲ, ತೆಳು ಉಪ್ಪುರಸ, ಎಣ್ಣೆಗಿಂತ ಬೇಗ ಸಂದಿ ಹುಡುಕುತ್ತೆ. ಮೇಲಾಗಿ ಉಪ್ಪು, ಹುಳಿ ಸೇರಿ ತಗಡಿನ ಮುಚ್ಚಳವನ್ನ ತಿನ್ನುತ್ತೆ. ಇಂಡಕ್ಷನ್ ಸೀಲ್ (ಮುಚ್ಚಳದ ಒಳಗೆ ಬಾಟಲಿ ಬಾಯಿಗೆ ಅಂಟಿಸೋ ಫಾಯಿಲ್) ಹಾಕೋಣ ಅಂದ್ರೆ ತಗಡಿನ ಮುಚ್ಚಳಕ್ಕೆ ಅದು ಆಗಲ್ಲ, ಪ್ಲಾಸ್ಟಿಕ್ ಮುಚ್ಚಳವೇ ಬೇಕು. ಯಾವ ಮುಚ್ಚಳ ಆದ್ರೂ ತುಂಬಿದ ಬಾಟಲಿಯನ್ನ ಬಿಳಿ ಕಾಗದದ ಮೇಲೆ 24 ಗಂಟೆ ತಲೆಕೆಳಗೆ ನಿಲ್ಲಿಸಿ, ಕೆಂಪು ಉಂಗುರ ಬಿದ್ದ ಬಾಟಲಿ ಪಾರ್ಸಲ್‌ಗೆ ಬೇಡ. ದೂರದೂರಿಗೆ ಆಹಾರ ದರ್ಜೆಯ ಪೆಟ್ ಪ್ಲಾಸ್ಟಿಕ್ ಜಾಡಿಯೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಒಡೆಯಲ್ಲ, ಆರು ಜಾಡಿಗೆ ಒಂದು ಕಿಲೊಗಿಂತ ಹೆಚ್ಚು ತೂಕ ಉಳಿಯುತ್ತೆ. ಬಿಸಿ ಮಾತ್ರ ತುಂಬಬಾರದು, ಸೊಟ್ಟಗಾಗುತ್ತೆ.

ಇನ್ನೊಂದು, ಪರಮೇಶಿಯವರ 767ಕ್ಕೆ ನನ್ನ ತಕರಾರಿದೆ. ಒಡೆದ ಗಾಜಿನ ಜೊತೆ ಬಂದ ತಿನ್ನೋ ಪದಾರ್ಥ ಅದು. ಉಳಿದ ನಾಲ್ಕನ್ನ ನೀವೇ ತೊಳೆದು ತಿನ್ನಿ ಅನ್ನೋದು ನನಗೆ ಸರಿ ಕಾಣಲ್ಲ.

---

ಪಾರ್ಸಲ್_ಪರಮೇಶಿ:

ನಾಲ್ಕಕ್ಕೂ ಶ್ರಿಂಕ್ ಬ್ಯಾಂಡ್ (ಮುಚ್ಚಳ, ಕತ್ತಿನ ಸುತ್ತ ಬಿಗಿಯಾಗಿ ಕೂರೋ ಪ್ಲಾಸ್ಟಿಕ್ ಪಟ್ಟಿ) ಇದ್ದು, ಹರಿಯದೆ ಇದ್ರೆ ಒಳಗಿನ ಮಾಲಿಗೆ ಏನೂ ಆಗಿರಲ್ಲ. ಬ್ಯಾಂಡ್ ಇಲ್ಲ ಅಂದ್ರೆ ರಟ್ಟಿನ_ಡಬ್ಬ ಹೇಳಿದ್ದೇ ಸರಿ. ಮುಚ್ಚಳದ ಅಂಚಿನಲ್ಲಿ ಕೂತ ಗಾಜಿನ ಚೂರು ತೆರೆಯುವಾಗ ಒಳಗೆ ಬೀಳುತ್ತೆ. ಹಾಗಾದ್ರೆ ಆರನ್ನೂ ಬಳಸಬೇಡಿ ಅಂತ ಬರೆದು, ಬ್ಯಾಂಕ್ ತಕರಾರನ್ನ ಪೂರ್ತಿ 2,300ಕ್ಕೆ ಒಪ್ಪಿಬಿಡಿ, ಬೇರೆ ರಿಫಂಡ್ ಹೊಡೀಬೇಡಿ. ಕಾರ್ಪೆಟ್ ಆಗಲೂ ಬಿಲ್ ಬಂದ ಮೇಲೆಯೇ. ಸಾಗರದವರೇ, ಬ್ಯಾಂಡ್ ಇತ್ತಾ?

---

ಅಪ್ಪೆಮಿಡಿ_ಸಾಗರ:

ಇತ್ತು, ಆರಕ್ಕೂ. ಪ್ಯಾಕ್ ಮಾಡುವಾಗ ತೆಗೆದ ಫೋಟೊದಲ್ಲಿ ಕಾಣುತ್ತೆ. ಅದನ್ನೂ ಪುರಾವೆ ಜೊತೆ ಹಾಕ್ತೀನಿ. ‘ಬ್ಯಾಂಡ್ ಹರಿದಿರುವ ಯಾವ ಬಾಟಲಿಯನ್ನೂ ತೆರೆಯಬೇಡಿ, ಎಷ್ಟು ಅಂತ ತಿಳಿಸಿ, ಅದರ ಹಣವನ್ನೂ ಕೊಡ್ತೀವಿ’ ಅಂತ ಅವರಿಗೆ ಈಗಲೇ ಇನ್ನೊಂದು ಇಮೇಲ್ ಕಳಿಸ್ತಿದ್ದೀನಿ.